14 ವರ್ಷ ಕಾದು ಆಸಿಯಾನ್ ಸೇರಿದ ಟಿಮೋರ್-ಲೆಸ್ಟೆ: ತಡವಾಗಿದ್ದು ಎಲ್ಲಿ?

2025ರ ಅಕ್ಟೋಬರ್ 26ರಂದು ಕ್ವಾಲಾಲಂಪುರದಲ್ಲಿ ಟಿಮೋರ್-ಲೆಸ್ಟೆ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್‌ನ 11ನೇ ಸದಸ್ಯ ದೇಶವಾಯಿತು. ಅರ್ಜಿ ಹಾಕಿದ್ದು 2011ರ ಮಾರ್ಚ್‌ನಲ್ಲಿ. ಸುಮಾರು 14 ಲಕ್ಷ ಜನರ ಪುಟ್ಟ ದೇಶಕ್ಕೆ ಇಷ್ಟು ಕಾಲ ಯಾಕೆ ಹಿಡಿಯಿತು?

ಶತಮಾನಗಳ ಪೋರ್ಚುಗೀಸ್ ಆಳ್ವಿಕೆ, 1975ರಲ್ಲಿ ಇಂಡೋನೇಷ್ಯಾ ಸೇನೆಯ ಪ್ರವೇಶ, ಸ್ವಾತಂತ್ರ್ಯದ ಪರ ಬಂದ 1999ರ ಜನಮತ, 2002ರಲ್ಲಿ ಸ್ವಾತಂತ್ರ್ಯ. ಆ ಕಷ್ಟದ ವರ್ಷಗಳಲ್ಲಿ ಆಸಿಯಾನ್ ಬಹುತೇಕ ಸುಮ್ಮನಿತ್ತು. ಸದಸ್ಯರ ಒಳವಿಷಯಕ್ಕೆ ತಲೆಹಾಕಬಾರದು ಅನ್ನೋದು ಅದರ ಮೂಲ ನಿಯಮ. ಆದರೂ 2011ರಲ್ಲಿ ಅರ್ಜಿ ಸಲ್ಲಿಕೆಯಾಗಿದ್ದು ಇಂಡೋನೇಷ್ಯಾದ ಜಕಾರ್ತಾದಲ್ಲೇ. ಮುಂದೆ ಅದಕ್ಕೆ ಜಾಸ್ತಿ ಬೆಂಬಲ ಕೊಟ್ಟವರಲ್ಲಿ ಇಂಡೋನೇಷ್ಯಾವೂ ಇತ್ತು.

ಗಂಟು ಬಿದ್ದಿದ್ದು ಆಮೇಲೆ. 2008ರಲ್ಲಿ ಜಾರಿಗೆ ಬಂದ ಆಸಿಯಾನ್ ಚಾರ್ಟರ್, ಅಂದರೆ ಒಕ್ಕೂಟದ ಸನ್ನದು, ಹೊಸ ಸದಸ್ಯರಿಗೆ ನಾಲ್ಕು ಷರತ್ತು ಹಾಕುತ್ತದೆ. ದೇಶ ಆಗ್ನೇಯ ಏಷ್ಯಾದಲ್ಲಿರಬೇಕು, ಎಲ್ಲ ಸದಸ್ಯರ ಮಾನ್ಯತೆ ಇರಬೇಕು, ಚಾರ್ಟರ್‌ಗೆ ಬದ್ಧವಾಗಬೇಕು. ಇವು ಮೂರೂ ಸುಲಭ. ನಾಲ್ಕನೆಯದು, ಸದಸ್ಯತ್ವದ ಹೊಣೆ ಹೊರುವ ಸಾಮರ್ಥ್ಯ. ಇದನ್ನು ಅಳೆಯುವುದು ಹೇಗೆ? ಆಸಿಯಾನ್‌ನಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಭೆ ನಡೆಯುತ್ತವೆ, ಎಲ್ಲವೂ ಇಂಗ್ಲಿಷ್‌ನಲ್ಲಿ. ಟಿಮೋರ್‌ನ ಅಧಿಕೃತ ಭಾಷೆಗಳು ತೇತುಂ ಮತ್ತು ಪೋರ್ಚುಗೀಸ್. ಅನುಭವಿ ಅಧಿಕಾರಿಗಳು ಕಡಿಮೆ. ಸರ್ಕಾರದ ಖರ್ಚು ನಡೆಯುವುದು ಮುಖ್ಯವಾಗಿ ಪೆಟ್ರೋಲಿಯಂ ನಿಧಿಯಿಂದ.

ಇಷ್ಟು ಹೊಣೆ ಈ ದೇಶ ಹೊರಲಾರದೇನೋ ಅನ್ನೋ ಕೆಲವು ಸದಸ್ಯರ ಆತಂಕ ಸುಳ್ಳೇನಲ್ಲ. ಆದರೆ ಒಳಗೆ ಬರದೆ ಆ ಸಾಮರ್ಥ್ಯ ಬೆಳೆಯುವುದಾದರೂ ಹೇಗೆ? ಈಜು ಕಲಿತ ಮೇಲೆ ನೀರಿಗಿಳಿ ಅಂದ ಹಾಗಾಯಿತು, ಅಲ್ವಾ? ಬ್ರೂನೇ 1984ರಲ್ಲಿ ಸ್ವತಂತ್ರವಾದ ಒಂದೇ ವಾರದಲ್ಲಿ ಸದಸ್ಯನಾಗಿತ್ತು. ಆಗ ಚಾರ್ಟರ್ ಇರಲಿಲ್ಲ, ನಿಜ. ಈಗ ಎಲ್ಲರೂ ಒಪ್ಪಬೇಕು, ಒಬ್ಬರು ಹಿಂಜರಿದರೂ ಕಡತ ನಿಲ್ಲುತ್ತದೆ. ಅಧ್ಯಯನದ ಮೇಲೆ ಅಧ್ಯಯನ ನಡೆಯಿತು. 2019ರಲ್ಲಿ ಒಂದು ಪರಿಶೀಲನಾ ತಂಡ ಟಿಮೋರ್‌ನ ರಾಜಧಾನಿ ಡಿಲಿಗೆ ಬಂತು, ಆಮೇಲೆ ಕೋವಿಡ್. ಉಳಿದ ತಂಡಗಳು ಬಂದಿದ್ದು 2022ರಲ್ಲಿ.

ಅದೇ ನವೆಂಬರ್‌ನಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕಿತು. 2023ರಲ್ಲಿ ಷರತ್ತುಗಳ ಮಾರ್ಗಸೂಚಿ ಬಂತು. ಅದೇ ವರ್ಷ ಆಸಿಯಾನ್ ಸದಸ್ಯ ಮ್ಯಾನ್ಮಾರ್‌ನ ಸೇನಾಡಳಿತ ಟಿಮೋರ್‌ನ ರಾಜತಾಂತ್ರಿಕರೊಬ್ಬರನ್ನು ಹೊರಹಾಕಿತು. ಸೇನಾಡಳಿತದ ವಿರೋಧಿಗಳ ಜೊತೆ ಡಿಲಿ ಮಾತಾಡಿದ್ದೇ ಕಾರಣ. ಪ್ರಜಾಪ್ರಭುತ್ವಕ್ಕಾಗಿ ಅಷ್ಟು ಕಷ್ಟಪಟ್ಟ ದೇಶ ಹಾಗೆ ಮಾತಾಡಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಸದಸ್ಯತ್ವ ಸಿಕ್ಕಿದೆ, ಕೆಲಸ ಮುಗಿದಿಲ್ಲ. ಆಸಿಯಾನ್‌ನ ವ್ಯಾಪಾರ ಒಪ್ಪಂದಗಳಿಗೆ ತಕ್ಕಂತೆ ಸುಂಕ, ಕಾನೂನುಗಳನ್ನು ಡಿಲಿ ಹೊಂದಿಸಿಕೊಳ್ಳಬೇಕು. ಆ ಸಾವಿರ ಸಭೆಗಳಿಗೆ ಜನರನ್ನೂ ತಯಾರು ಮಾಡಬೇಕು.