ಬೆಳಗಿನ ಮೊದಲ ಕ್ಯಾನ್‌ಗೇ ಎರರ್ ಯಾಕೆ?

ಮದ್ದೂರು ತಾಲ್ಲೂಕಿನ ಒಂದು ಹಾಲಿನ ಡೈರಿ ಅಂತ ಇಟ್ಟುಕೊಳ್ಳಿ. ಸಂಜೆ ಏಳೂವರೆಗೆ ಹಾಲು ಅಳೆಯುವುದು ಮುಗಿದರೆ ಮತ್ತೆ ಶುರುವಾಗುವುದು ಬೆಳಗ್ಗೆ ಆರಕ್ಕೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ದಾಖಲಿಸುವ ಸಾಫ್ಟ್‌ವೇರ್ ಪೈಥಾನ್‌ನಲ್ಲಿದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್, ಎರಡರ ನಡುವೆ ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಓಆರ್‌ಎಂ, ಅಂದರೆ ಡೇಟಾಬೇಸ್‌ನ ಸಾಲುಗಳನ್ನು ಪೈಥಾನ್ ಆಬ್ಜೆಕ್ಟ್‌ಗಳಾಗಿ ಕೊಡುವ ಲೈಬ್ರರಿ. ಬೆಳಗ್ಗೆ ಮೊದಲು ಬಂದವರ ಲೆಕ್ಕ ಕೂರುವುದಿಲ್ಲ, ಪರದೆಯಲ್ಲಿ 2006ನೇ ನಂಬರಿನ ಎರರ್: ಸರ್ವರ್ ಸಂಪರ್ಕ ಹೋಗಿದೆ. ಎರಡನೆಯವರಿಂದ ಎಲ್ಲ ಸರಾಗ. ಮೈಸೂರಿನ ಹೆಬ್ಬಾಳದ ಕಚೇರಿಗೆ ಡೆವಲಪರ್ ಹತ್ತು ಗಂಟೆಗೆ ಬಂದು ನೋಡಿದರೆ ಯಾವ ದೋಷವೂ ಕಾಣುವುದಿಲ್ಲ.

ಮೈಎಸ್‌ಕ್ಯೂಎಲ್‌ನ 'ವೇಟ್ ಟೈಮ್‌ಔಟ್' ಬದಲಿಸದೆ ಬಿಟ್ಟರೆ 28,800 ಸೆಕೆಂಡ್, ಅಂದರೆ ಎಂಟು ಗಂಟೆ. ಡೈರಿಯ ರಾತ್ರಿ ಹತ್ತೂವರೆ ಗಂಟೆಯದು. ಅಷ್ಟು ಹೊತ್ತು ಸುಮ್ಮನಿದ್ದ ಕನೆಕ್ಷನ್ನನ್ನು ಸರ್ವರ್ ಕಡಿದಿರುತ್ತದೆ, ಆದರೆ ಇತ್ತ ಪೂಲ್‌ಗೆ (ತೆರೆದ ಕನೆಕ್ಷನ್‌ಗಳನ್ನು ಮರುಬಳಕೆಗೆ ಇಟ್ಟುಕೊಳ್ಳುವ ಎಸ್‌ಕ್ಯೂಎಲ್‌ಆಲ್ಕೆಮಿಯ ಸಂಗ್ರಹಕ್ಕೆ) ಆ ಸುದ್ದಿಯೇ ಮುಟ್ಟಿರುವುದಿಲ್ಲ. ಸತ್ತ ಕನೆಕ್ಷನ್ನನ್ನೇ ಮೊದಲ ಕ್ಯಾನ್‌ಗೆ ಕೊಡುತ್ತದೆ. ಎರರ್ ಬಂದಮೇಲೆ ಎಸ್‌ಕ್ಯೂಎಲ್‌ಆಲ್ಕೆಮಿ ಹಳೆಯ ಪೂಲನ್ನೆಲ್ಲ ಬಿಸಾಕಿ ಹೊಸದು ತೆರೆಯುತ್ತದೆ. ಹಾಗಾಗಿ ಎರಡನೆಯವರಿಗೆ ತೊಂದರೆಯಿಲ್ಲ.

ಎಸ್‌ಕ್ಯೂಎಲ್‌ಆಲ್ಕೆಮಿ ಬರೆದ ಮೈಕ್ ಬೇಯರ್ ಅದನ್ನು ಮೊದಲು ಬಿಡುಗಡೆ ಮಾಡಿದ್ದು 2006ರಲ್ಲಿ. ಈ ತೊಂದರೆಗೆ ಬಹುಕಾಲ ಇದ್ದ ಮದ್ದು 'ಪೂಲ್ ರಿಸೈಕಲ್': 3600 ಎಂದು ಕೊಟ್ಟರೆ ಒಂದು ಗಂಟೆಗಿಂತ ಹಳೆಯ ಕನೆಕ್ಷನ್ನನ್ನು ಮುಂದಿನ ಸಲ ಕೊಡುವ ಮುಂಚೆ ಬದಲಿಸುತ್ತದೆ. ಆದರೆ ರಾತ್ರಿ ಡೇಟಾಬೇಸ್ ರೀಸ್ಟಾರ್ಟ್ ಆದರೆ ವಯಸ್ಸು ನೋಡಿ ಪ್ರಯೋಜನವಿಲ್ಲ. ಅದಕ್ಕೆ 2017ರ ಡಿಸೆಂಬರ್‌ನ 1.2 ಆವೃತ್ತಿಯಲ್ಲಿ 'ಪೂಲ್ ಪ್ರೀ ಪಿಂಗ್' ಬಂತು: ಕೊಡುವ ಮುಂಚೆ ಕನೆಕ್ಷನ್ ಜೀವಂತವಿದೆಯೇ ಎಂದು ಒಮ್ಮೆ ತಟ್ಟಿ ನೋಡುತ್ತದೆ. ಖರ್ಚು ತೀರಾ ಕಡಿಮೆ. ಇಂಥ ಡೈರಿಗೆ ಎರಡನ್ನೂ ಹಾಕುವುದೇ ಸರಿ. ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕಾದ, ಇಲ್ಲವೇ ಪೂರ್ತಿ ರದ್ದಾಗಬೇಕಾದ ಕೆಲಸಗಳ ಗುಂಪು) ನಡುವೆ ಸಂಪರ್ಕ ಕಡಿದರೆ ಮಾತ್ರ ಪಿಂಗ್ ಕಾಪಾಡುವುದಿಲ್ಲ. ಆಗ ಇಡೀ ಟ್ರಾನ್ಸಾಕ್ಷನ್ನನ್ನೇ ಮತ್ತೆ ನಡೆಸಬೇಕು.

ಇದಕ್ಕಿಂತ ಹಠಮಾರಿ ರೋಗ ಬಟವಾಡೆ ದಿನ ಕಾಣುತ್ತದೆ, ಅದರ ಬೇರು 1999ರ ಡಿಬಿ-ಎಪಿಐ 2.0ರಲ್ಲಿದೆ. ಪೈಥಾನ್ ಡ್ರೈವರ್‌ಗಳಿಗೆ ನಿಯಮ ಹಾಕಿದ ಆ ದಾಖಲೆಯಲ್ಲಿ ಕಮಿಟ್ (ಉಳಿಸು) ಇದೆ, ರೋಲ್‌ಬ್ಯಾಕ್ (ರದ್ದುಮಾಡು) ಇದೆ, ಬಿಗಿನ್ (ಶುರುಮಾಡು) ಇಲ್ಲ. ಟ್ರಾನ್ಸಾಕ್ಷನ್ ತಾನಾಗಿ ಶುರುವಾಗುತ್ತದೆ, ಬರೀ ಸೆಲೆಕ್ಟ್ ಮಾಡಿ ಓದಿದರೂ ಅಷ್ಟೇ. ಓಆರ್‌ಎಂನಲ್ಲಿ ಓದು-ಬರಹ ನಡೆಸುವ ಸೆಷನ್ ಎಂಬ ಆಬ್ಜೆಕ್ಟ್ ಮೊದಲ ಕ್ವೆರಿಗೆ ಪೂಲ್‌ನಿಂದ ಕನೆಕ್ಷನ್ ಪಡೆದರೆ, ಕಮಿಟ್, ರೋಲ್‌ಬ್ಯಾಕ್ ಅಥವಾ ಕ್ಲೋಸ್ ಆಗುವ ತನಕ ಬಿಡುವುದಿಲ್ಲ.

ಈಗ ಬಟವಾಡೆಯ ಕೋಡ್ ನೋಡಿ. ಸದಸ್ಯರ ಲೆಕ್ಕ ಓದುತ್ತದೆ, ಸೆಷನ್ ತೆರೆದೇ ಇಟ್ಟು ಎಸ್‌ಎಂಎಸ್ ಕಳಿಸುತ್ತದೆ, ಉತ್ತರಕ್ಕೆ ಕಾಯುತ್ತದೆ. ಕಾಯುವಷ್ಟು ಹೊತ್ತೂ ಕನೆಕ್ಷನ್ ಅದರ ಕೈಯಲ್ಲೇ. ಬದಲಿಸದೆ ಬಿಟ್ಟರೆ ಪೂಲ್‌ನಲ್ಲಿ ಇರುವುದು 5 ಕನೆಕ್ಷನ್, ಹೆಚ್ಚುವರಿ 10, ಒಟ್ಟು 15. ಹದಿನಾರನೆಯ ಕೋರಿಕೆ 30 ಸೆಕೆಂಡ್ ಕಾದು ಸೋಲುತ್ತದೆ. ಆಗ ಹೆಚ್ಚಿನವರು ಪೂಲ್ ದೊಡ್ಡದು ಮಾಡುತ್ತಾರೆ, ಅದು ತಪ್ಪು ದಾರಿ. ಪೂಲ್ ಪ್ರತಿ ಪ್ರೊಸೆಸ್‌ಗೂ ಬೇರೆ: 16 ವರ್ಕರ್ (ಒಂದೇ ಸಾಫ್ಟ್‌ವೇರ್‌ನ ಜೊತೆಜೊತೆಗೆ ಓಡುವ ಪ್ರೊಸೆಸ್) ಇದ್ದರೆ ಈಗಲೇ 240ರವರೆಗೆ ಹೋಗಬಹುದು, ಮೈಎಸ್‌ಕ್ಯೂಎಲ್‌ನ ಮೂಲ ಮಿತಿ 151. ಎರರ್ ಬೇರೆ ಕಡೆಗೆ ದಾಟುತ್ತದೆ ಅಷ್ಟೇ.

ಮಾಡಬೇಕಾದ್ದು: ಹೆಸರು, ಫೋನ್, ಮೊತ್ತ ಇಷ್ಟನ್ನು ಸಾದಾ ಪಟ್ಟಿಗೆ ಎತ್ತಿಕೊಳ್ಳಿ, ಸೆಷನ್ ಮುಚ್ಚಿ, ಆಮೇಲೆ ಎಸ್‌ಎಂಎಸ್. ಪಟ್ಟಿಗೆ ಎತ್ತದೆ ಸದಸ್ಯರ ಆಬ್ಜೆಕ್ಟ್‌ಗಳನ್ನೇ ಹಿಡಿದುಕೊಂಡರೆ ಇನ್ನೊಂದು ಎರರ್ ಕಾದಿದೆ. ಕಮಿಟ್ ಆದೊಡನೆ ಅವುಗಳ ವಿವರ ಹಳತಾಯಿತೆಂದು ಸೆಷನ್ ಗುರುತು ಹಾಕುತ್ತದೆ. ಮುಚ್ಚಿದ ಮೇಲೆ ಹೆಸರು ಕೇಳಿದರೆ ಮತ್ತೆ ಓದಲು ಸೆಷನ್ನೇ ಇರುವುದಿಲ್ಲ, 'ಡಿಟ್ಯಾಚ್ಡ್ ಇನ್‌ಸ್ಟೆನ್ಸ್' ಎನ್ನುತ್ತದೆ.

ಒಂದೇ ಸದಸ್ಯ ಸಂಖ್ಯೆ ಎರಡು ಸಲ ಸೇರಿಸಲು ಹೋಗಿ ಫ್ಲಶ್ (ಬದಲಾವಣೆಗಳನ್ನು ಡೇಟಾಬೇಸ್‌ಗೆ ಕಳಿಸುವ ಹಂತ) ವಿಫಲವಾದಾಗಲೂ ಹೀಗೆಯೇ ಗೊಂದಲ. ರೋಲ್‌ಬ್ಯಾಕ್ ಮಾಡುವ ತನಕ ಆ ಸೆಷನ್ ಮುಂದಿನ ಯಾವ ಕೆಲಸವನ್ನೂ ಮಾಡದು. 2021ರ 1.4 ಆವೃತ್ತಿ ಇದಕ್ಕೆ 'ಪೆಂಡಿಂಗ್ ರೋಲ್‌ಬ್ಯಾಕ್' ಎಂಬ ಪ್ರತ್ಯೇಕ ಹೆಸರು ಕೊಟ್ಟಿತು. ಈ ಹೆಸರು ಕಂಡರೆ ಆ ಸಾಲನ್ನು ನೋಡುತ್ತ ಕೂರಬೇಡಿ, ಲಾಗ್‌ನಲ್ಲಿ ಅದಕ್ಕಿಂತ ಮುಂಚಿನ ಎರರ್ ಹುಡುಕಿ. 2023ರ 2.0 ಲೈಬ್ರರಿಯ ಹಳೆಯ ಆಟೋಕಮಿಟ್ (ಹೇಳದೆಯೇ ತಾನಾಗಿ ಕಮಿಟ್ ಆಗುವ) ನಡವಳಿಕೆಯನ್ನೇ ತೆಗೆದುಹಾಕಿತು. ಕಮಿಟ್ ಎಲ್ಲಿ ಆಗುತ್ತದೆ ಎಂಬುದು ಕೋಡ್‌ನಲ್ಲೇ ಕಾಣಬೇಕು ಎಂಬ ಆ ನಿಲುವು ತಡವಾಗಿ ಬಂದರೂ ಸರಿಯಾದದ್ದು.

ಮುಚ್ಚದ ಸೆಷನ್‌ಗಳಿಂದ ಆಗುವ ಕನೆಕ್ಷನ್ ಸೋರಿಕೆ ಹಿಡಿಯಲು ಮೈಎಸ್‌ಕ್ಯೂಎಲ್‌ನಲ್ಲಿ ಪ್ರೊಸೆಸ್ ಲಿಸ್ಟ್ (ಕನೆಕ್ಷನ್‌ಗಳ ಪಟ್ಟಿ) ತೆಗೆದು 'ಸ್ಲೀಪ್' ಸಾಲುಗಳ ಸಮಯ ನೋಡಿ. ಪೂಲ್‌ನಲ್ಲಿ ಬಿಡುವಾಗಿರುವುದೂ ಸ್ಲೀಪ್ ಎಂದೇ ಕಾಣುತ್ತದೆ, ಆದ್ದರಿಂದ ಎಸ್‌ಕ್ಯೂಎಲ್‌ಆಲ್ಕೆಮಿ ಎಂಜಿನ್‌ನ ಪೂಲ್ ಸ್ಟೇಟಸ್ ಪಕ್ಕದಲ್ಲಿಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದರೆ ಕೆಲಸ ಸುಲಭ, 'ಐಡಲ್ ಇನ್ ಟ್ರಾನ್ಸಾಕ್ಷನ್' ಎಂದು ಅದೇ ಹೇಳುತ್ತದೆ. ಹಾಲು ಅಳೆಯುವ ಗದ್ದಲವೆಲ್ಲ ಮುಗಿದ ಮೇಲೂ ಪೂಲ್ ಸ್ಟೇಟಸ್‌ನ 'ಚೆಕ್ಡ್ ಔಟ್' (ಪೂಲ್‌ನಿಂದ ಹೊರಹೋದ ಕನೆಕ್ಷನ್) ಸಂಖ್ಯೆ ಸೊನ್ನೆಗೆ ಇಳಿಯದಿದ್ದರೆ ಎಲ್ಲೋ ಒಂದು ಸೆಷನ್ ಮುಚ್ಚದೆ ಉಳಿದಿದೆ.