ಅರ್ಧ ಕಣ್ಣು ಯಾರಿಗೆ ಬೇಕು?

ಪ್ರಶ್ನೆ: ಕ್ಯಾಮೆರಾ ಇದ್ದರೆ ಅದನ್ನು ಮಾಡಿದವರು ಇರಲೇಬೇಕು. ಅದಕ್ಕಿಂತ ಜಟಿಲವಾದ ಕಣ್ಣು ಜೀವವಿಕಾಸದಿಂದ ತಾನಾಗಿ ಆಯಿತೆಂದರೆ ನಂಬುವುದು ಹೇಗೆ? ಅರ್ಧ ಕಣ್ಣಿನಿಂದ ಏನು ಉಪಯೋಗ?

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಬರಲಿ, ಪ್ರಶ್ನೆ ಸಣ್ಣದಲ್ಲ. ಮಡಕೆ ಇದ್ದ ಮೇಲೆ ಕುಂಬಾರ ಇರಬೇಕು, ಹಾಗೆಯೇ ಜಗತ್ತಿಗೂ ಕರ್ತೃ ಇರಬೇಕು ಎಂದು ನ್ಯಾಯ ದರ್ಶನದ ಉದಯನಾಚಾರ್ಯರು ಸುಮಾರು ಸಾವಿರ ವರ್ಷದ ಹಿಂದೆಯೇ ವಾದಿಸಿದ್ದರು. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಗಡಿಯಾರದ ಉದಾಹರಣೆ ಕೊಟ್ಟು, ಕಣ್ಣನ್ನು ದೊಡ್ಡ ಸಾಕ್ಷಿಯಾಗಿ ನಿಲ್ಲಿಸಿದ.

ಎಡವಟ್ಟಾಗುವುದು 'ಅರ್ಧ ಕಣ್ಣು' ಎಂಬಲ್ಲಿ. ಈಗಿನ ಕಣ್ಣನ್ನು ನಡುವೆ ಕತ್ತರಿಸಿದಂತೆ ಕಲ್ಪಿಸಿಕೊಂಡರೆ ಅದು ಕೆಲಸಕ್ಕೆ ಬಾರದು, ನಿಜ. ಆದರೆ ಅಂಥ ಕಣ್ಣು ಎಂದೂ ಇರಲೇ ಇಲ್ಲ. ಬೆಳಕು ತಾಗಿದರೆ ಪ್ರತಿಕ್ರಿಯಿಸುವ ಜೀವಕೋಶಗಳು ಚಪ್ಪಟೆಯಾಗಿ ಒಂದೆಡೆ ಇದ್ದರೂ ಸಾಕು, ಮೇಲೆ ನೆರಳು ಬಿದ್ದದ್ದು ಗೊತ್ತಾಗುತ್ತದೆ. ಆ ಜಾಗ ಗುಳಿಬಿದ್ದರೆ ಬೆಳಕು ಯಾವ ಕಡೆಯದೆಂದು ತಿಳಿಯುತ್ತದೆ. ಪ್ಲನೇರಿಯಾ ಹುಳು ಇಷ್ಟರಲ್ಲೇ ಕತ್ತಲ ಕಡೆಗೆ ಸರಿಯುತ್ತದೆ. ಗುಳಿಯ ಬಾಯಿ ಕಿರಿದಾದರೆ ಮಸುಕು ಚಿತ್ರ ಮೂಡುತ್ತದೆ. ನಾಟಿಲಸ್ ಎಂಬ ಕಡಲಜೀವಿಗೆ ಇಂದಿಗೂ ಲೆನ್ಸ್ ಇಲ್ಲದ ಇಂಥದೇ ಕಣ್ಣು. ಪ್ರತಿ ಹಂತವೂ ಹಿಂದಿನದಕ್ಕಿಂತ ಚೂರು ಮೇಲು, ಅಷ್ಟೇ ಬೇಕಾದದ್ದು.

ಸ್ವೀಡನ್ನಿನ ವಿಜ್ಞಾನಿಗಳಾದ ನಿಲ್ಸನ್ ಮತ್ತು ಪೆಲ್ಗರ್ 1994ರಲ್ಲಿ ಇದರ ಲೆಕ್ಕ ಹಾಕಿದರು. ಒಂದು ಹೆಜ್ಜೆಗೆ ಶೇ. 1 ಬದಲಾವಣೆ ಎಂದರೆ ಚಪ್ಪಟೆ ಪದರದಿಂದ ಮೀನಿನಂಥ ಲೆನ್ಸ್ ಕಣ್ಣಿಗೆ 1,829 ಹೆಜ್ಜೆ. ಜಿಪುಣತನದಿಂದ ಲೆಕ್ಕ ಹಿಡಿದರೂ 4 ಲಕ್ಷ ತಲೆಮಾರು ಬೇಕಾಗಲಿಲ್ಲ. ಪ್ರಾಣಿಗಳಿಗೆ ಸಿಕ್ಕ ಕಾಲ 50 ಕೋಟಿ ವರ್ಷಕ್ಕೂ ಹೆಚ್ಚು. 'ಹಾಗಾದರೆ ಎಲ್ಲ ಆಕಸ್ಮಿಕವೇ?' ಅಲ್ಲ. ವ್ಯತ್ಯಾಸ ಹುಟ್ಟುವುದು ಆಕಸ್ಮಿಕ. ಯಾವುದು ಉಳಿಯುತ್ತದೆ ಎಂಬುದು ಹಾಗಲ್ಲ, ಬದುಕಿಗೆ ನೆರವಾದದ್ದು ಉಳಿಯುತ್ತದೆ.

ಯೋಚಿಸಿ ಮಾಡಿದ ಕಣ್ಣಿನಲ್ಲಿ ಇರಬಾರದಂಥ ಒಂದು ಕೊರತೆ ನಮ್ಮ ಕಣ್ಣಿನ ರಚನೆಯಲ್ಲಿದೆ, ಈಗಲೇ ನೋಡಬಹುದು. ಹಾಳೆಯ ಮೇಲೆ 8 ಸೆಂ.ಮೀ. ಅಂತರದಲ್ಲಿ ಎಡಕ್ಕೊಂದು ಕೂಡು ಗುರುತು (+), ಬಲಕ್ಕೊಂದು ಚುಕ್ಕೆ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡು ಗುರುತನ್ನೇ ನೋಡುತ್ತ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಮಾಯವಾಗದಿದ್ದರೆ ನೀವು ಚುಕ್ಕೆಯತ್ತ ಕಣ್ಣು ಹೊರಳಿಸಿರಬಹುದು. ನಮ್ಮ ಕಣ್ಣಿನ ನರತಂತುಗಳು ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟದ ಮುಂದೆ ಹರಡಿ, ಅದನ್ನು ತೂತು ಮಾಡಿಕೊಂಡೇ ಮಿದುಳಿಗೆ ಹೋಗಬೇಕು. ಆ ತೂತಿನಲ್ಲಿ ದೃಷ್ಟಿ ಇಲ್ಲ. ಆಕ್ಟೋಪಸ್‌ನಲ್ಲಿ ನರಗಳು ಹಿಂಬದಿಯಿಂದ ಹೊರಡುವುದರಿಂದ ಅದಕ್ಕೆ ಈ ಕುರುಡು ಚುಕ್ಕೆಯೇ ಇಲ್ಲ.

ಮಾಡಿದವರಿಲ್ಲ ಎಂದಾದರೆ 'ಹೃದಯ ಇರುವುದು ರಕ್ತ ಒತ್ತಲಿಕ್ಕೆ' ಎನ್ನಬಾರದೇ? ಧಾರಾಳವಾಗಿ ಎನ್ನಬಹುದು. ತತ್ವಶಾಸ್ತ್ರಜ್ಞ ಲ್ಯಾರಿ ರೈಟ್ 1973ರಲ್ಲಿ ಕೊಟ್ಟ ವಿವರಣೆ ಹೀಗೆ: ಯಾವ ಕೆಲಸ ಮಾಡುವುದರಿಂದ ಅಂಗ ಅಲ್ಲಿದೆಯೋ ಅದೇ ಅದರ ಉದ್ದೇಶ. ಹೃದಯ ಲಬ್-ಡಬ್ ಸದ್ದನ್ನೂ ಮಾಡುತ್ತದೆ, ವೈದ್ಯರಿಗೆ ಉಪಯೋಗವೂ ಹೌದು. ಆದರೆ ಸದ್ದಿನಿಂದಾಗಿ ಹೃದಯ ಉಳಿದುಬಂದಿಲ್ಲ.

ಮನಸ್ಸಿಲ್ಲದೆ ಉದ್ದೇಶ ಸಾಧ್ಯವೇ ಎಂಬ ಜಗಳವೂ ನಮ್ಮಲ್ಲಿ ಹಳೆಯದೇ. ಅರಿವಿಲ್ಲದ ಹಾಲು ಕರುವಿನ ಪೋಷಣೆಗೆ ಹರಿಯುವಂತೆ ಪ್ರಕೃತಿಯೂ ನಡೆಯುತ್ತದೆ ಎನ್ನುತ್ತದೆ ಸಾಂಖ್ಯ ದರ್ಶನದ ಗ್ರಂಥವಾದ ಸಾಂಖ್ಯಕಾರಿಕೆ. ಶಂಕರಾಚಾರ್ಯರು ಒಪ್ಪಲಿಲ್ಲ: ಹಸುವಿಗೆ ಚೈತನ್ಯವಿದೆ, ಕರುವಿನ ಮೇಲೆ ವಾತ್ಸಲ್ಯವಿದೆ, ಕರು ಚೀಪುವುದರಿಂದಲೂ ಹಾಲು ಬರುತ್ತದೆ ಎಂದರು. ಚೀಪುವ ವಿಷಯದಲ್ಲಿ ಅವರ ಗಮನಿಕೆ ಸರಿಯಾಗಿತ್ತು. ಕರು ಮೊಲೆಗೆ ಬಾಯಿ ಹಾಕಿದೊಡನೆ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಹಾಲು ಸೊರೆಯುತ್ತದೆ.