ಐಐಎಂ ಬೆಂಗಳೂರಿನ ಕಾರಿಡಾರ್‌ಗಳಿಗೆ ಸೂರು ಯಾಕಿಲ್ಲ?

ಓದುಗರ ಪ್ರಶ್ನೆ: ಬನ್ನೇರುಘಟ್ಟ ರಸ್ತೆಯ ಐಐಎಂಗೆ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಎಲ್ಲಿ ನೋಡಿದರೂ ಒರಟು ಕಲ್ಲಿನ ಗೋಡೆ. ಓಡಾಡುವ ಜಾಗದಲ್ಲಿ ತಲೆಯ ಮೇಲೆ ಬರೀ ಕಾಂಕ್ರೀಟ್ ತೊಲೆಗಳು, ಸೂರೇ ಇಲ್ಲ. ಇದು ಹಳೇ ಕಟ್ಟಡವಾ? ಅಥವಾ ದುಡ್ಡು ಸಾಲದೆ ಅರ್ಧಕ್ಕೆ ಬಿಟ್ಟಿದ್ದಾ?

ಉತ್ತರ: ಎರಡೂ ಅಲ್ಲ. ಸೂರು ಬೇಡ ಅಂತಲೇ ಹಾಕಿಲ್ಲ. ಹಳೇದು ಅಂತ ಅನ್ನಿಸಿದ್ದು ನಿಮಗೊಬ್ಬರಿಗೇ ಅಲ್ಲ ಬಿಡಿ. 2009ರಲ್ಲಿ ಬಂದ ಆಮಿರ್ ಖಾನ್ ಸಿನಿಮಾ ‘3 ಈಡಿಯಟ್ಸ್’ನಲ್ಲಿ ದೆಹಲಿಯ ಎಂಜಿನಿಯರಿಂಗ್ ಕಾಲೇಜು ಅಂತ ತೋರಿಸಿದ್ದು ಇದೇ ಕ್ಯಾಂಪಸ್ಸನ್ನು. ಬ್ರಿಟಿಷರು ಕಟ್ಟಿದ್ದಿರಬೇಕು ಅಂದುಕೊಂಡವರು ಬೇಕಾದಷ್ಟು ಜನ.

ಸಂಸ್ಥೆ ಶುರುವಾಗಿದ್ದು 1973ರಲ್ಲಿ, ಲ್ಯಾಂಗ್‌ಫೋರ್ಡ್ ರಸ್ತೆಯ ಬಾಡಿಗೆ ಜಾಗದಲ್ಲಿ. ರಾಜ್ಯ ಸರ್ಕಾರ ಊರಾಚೆ 100 ಎಕರೆ ಕೊಟ್ಟಿತು. ಬನ್ನೇರುಘಟ್ಟ ರಸ್ತೆ ಆಗ ನಿಜಕ್ಕೂ ಊರಾಚೆಯೇ. ಎಪ್ಪತ್ತರ ದಶಕದ ಕೊನೆಗೆ ನಕ್ಷೆ ತಯಾರಾಯಿತು, 1983ರಲ್ಲಿ ಸಂಸ್ಥೆ ಇಲ್ಲಿಗೆ ಬಂತು, ಆಮೇಲೂ ಕಟ್ಟುವ ಕೆಲಸ ವರ್ಷಗಟ್ಟಲೆ ನಡೀತು. ಅಂದರೆ 1956ರಲ್ಲಿ ಮುಗಿದ ವಿಧಾನಸೌಧವೇ ಇದಕ್ಕಿಂತ ಒಂದು ತಲೆಮಾರು ಹಿರಿಯದು.

ನಕ್ಷೆ ಮಾಡಿದವರು ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ. 1927ರಲ್ಲಿ ಪುಣೆಯಲ್ಲಿ ಹುಟ್ಟಿದವರು. ಐವತ್ತರ ದಶಕದ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕೈಕೆಳಗೆ ಕೆಲಸ ಕಲಿತು, ಅಹಮದಾಬಾದಿನಲ್ಲಿ ನೆಲೆ ನಿಂತರು. ಅಲ್ಲಿನ ಐಐಎಂ ಕಟ್ಟಲು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರನ್ನು ಕರೆಸಿದ್ದೂ ಇವರೇ. ಹಾಗಾಗಿ ಬೆಂಗಳೂರಿಗೆ ಬರುವ ಹೊತ್ತಿಗೆ ಒಂದು ಐಐಎಂ ಎದ್ದು ನಿಲ್ಲುವುದನ್ನು ಹತ್ತಿರದಿಂದ ನೋಡಿ ಮುಗಿಸಿದ್ದರು.

ಅದನ್ನೇ ಇಲ್ಲೂ ಇಳಿಸಬಹುದಿತ್ತು, ಇಳಿಸಲಿಲ್ಲ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರೋದು ಇಲ್ಲೇ. ಅಹಮದಾಬಾದಿನಲ್ಲಿ ಮೇ ತಿಂಗಳೆಂದರೆ 40 ಡಿಗ್ರಿ ದಾಟುವ ಬಿಸಿಲು. ಅಲ್ಲಿ ಕಾನ್ ಇಟ್ಟಿಗೆಯ ದಪ್ಪ ಗೋಡೆ ಎಬ್ಬಿಸಿ, ದೊಡ್ಡ ದೊಡ್ಡ ಗುಂಡು ಕಿಂಡಿಗಳನ್ನು ಕೊರೆದು, ಬಿಸಿಲನ್ನು ಹೊರಗೇ ತಡೆದರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ವರ್ಷದ ಬಹುಪಾಲು ದಿನ ಹೊರಗೆ ಕೂತು ಹರಟೆ ಹೊಡೆಯಬಹುದಾದ ಹವೆ. ಇಂಥ ಊರಲ್ಲಿ ಆಕಾಶವನ್ನು ಮುಚ್ಚಿಡೋದು ಯಾಕೆ ಅಂತ ದೋಶಿ ಯೋಚಿಸಿದ ಹಾಗಿದೆ.

ಒಂದು ಕಾರಿಡಾರಿನಲ್ಲಿ ನಿಧಾನಕ್ಕೆ ನಡೆದು ನೋಡಿ. ಶುರುವಿಗೆ ಮೇಲೆ ಪೂರ್ತಿ ಮುಚ್ಚಿದೆ, ಸ್ವಲ್ಪ ಕತ್ತಲೆಯೂ ಅನ್ನಿಸುತ್ತೆ. ಮುಂದೆ ಹೋದರೆ ಸಾಲಾಗಿ ಕಾಂಕ್ರೀಟ್ ತೊಲೆ, ನಡುವೆ ಆಕಾಶ. ಬಿಸಿಲಿದ್ದರೆ ಆ ತೊಲೆಗಳ ನೆರಳು ಕಲ್ಲುಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿರುತ್ತೆ. ಬೆಳಗ್ಗೆ ಒಂದು ಕಡೆ ವಾಲಿದ್ದು ಸಂಜೆಗೆ ಇನ್ನೊಂದು ಕಡೆಗೆ ತಿರುಗಿರುತ್ತೆ. ಇನ್ನೂ ಮುಂದೆ ಪಕ್ಕದ ಗೋಡೆ ಮಾಯ, ಹಸಿರು ಅಂಗಳ ತೆರೆದುಕೊಳ್ಳುತ್ತೆ. ಅಗಲವೂ ಒಂದೇ ಸಮ ಇಲ್ಲ. ಅಗಲವಾದ ಕಡೆ ಜನ ನಿಲ್ಲುತ್ತಾರೆ, ಕೂರುತ್ತಾರೆ, ಕ್ಲಾಸಿನಲ್ಲಿ ಮುಗಿಯದ ವಾದವನ್ನು ಮುಂದುವರಿಸುತ್ತಾರೆ. ದೋಶಿಗೆ ಬೇಕಾಗಿದ್ದೂ ಅದೇ. ಕಲಿಯೋದು ಬರೀ ಕ್ಲಾಸ್‌ರೂಮಿನ ನಾಲ್ಕು ಗೋಡೆಯೊಳಗಲ್ಲ ಅನ್ನೋದು ಅವರ ನಂಬಿಕೆ. ಬೇರೆ ಕಾಲೇಜುಗಳಲ್ಲಿ ಕಾರಿಡಾರ್ ಅಂದರೆ ದಾಟಿ ಹೋಗೋ ದಾರಿ. ಇಲ್ಲಿ ಅದೇ ಮುಖ್ಯ ಜಾಗ, ಕೋಣೆಗಳು ಅದಕ್ಕೆ ಅಂಟಿಕೊಂಡಿವೆ. ನಮ್ಮ ತೊಟ್ಟಿಮನೆಯಲ್ಲಿ ಕೋಣೆಗಳೆಲ್ಲ ತೊಟ್ಟಿಯ ಸುತ್ತ ಇರ್ತವಲ್ಲ, ಹಾಗೆ.

ಈ ಐಡಿಯಾ ಎಲ್ಲಿಂದ ಬಂತು? ಮಧುರೆಯ ಮೀನಾಕ್ಷಿ ದೇವಸ್ಥಾನ, ಅಕ್ಬರ್ ಕಟ್ಟಿಸಿದ ಫತೇಪುರ್ ಸಿಕ್ರಿ, ಈ ಎರಡರ ಹೆಸರೂ ಬರುತ್ತೆ. ಮಧುರೆಯಲ್ಲಿ ಕತ್ತಲ ಮಂಟಪದಿಂದ ಬಯಲ ಪ್ರಾಕಾರಕ್ಕೆ, ಅಲ್ಲಿಂದ ಕೊಳದ ಕಡೆಗೆ, ನಡೀತಾ ನಡೀತಾ ಬೆಳಕು ಬದಲಾಗುತ್ತೆ. ಸಿಕ್ರಿಯಲ್ಲಿ ಅಂಗಳದಿಂದ ಅಂಗಳಕ್ಕೆ ಸಾಗ್ತೀರಿ. ಇದೇ ಮುಂಭಾಗ ಅಂತ ಒಂದನ್ನು ತೋರಿಸೋಕೆ ಆಗಲ್ಲ. ಐಐಎಂಬಿಯಲ್ಲೂ ನಿಂತು ಫೋಟೊ ತೆಗೆಸಿಕೊಳ್ಳೋಕೆ ಗೋಪುರ, ಗುಮ್ಮಟ ಸಿಗಲ್ಲ. ಇದೇ ಊರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಗೋಪುರವಿದೆ, ದೂರದಿಂದಲೇ ಗುರುತು ಹಿಡಿಯಬಹುದು. ಇದನ್ನು ಮಾತ್ರ ಒಳಗೆ ನಡೆದೇ ನೋಡಬೇಕು.

ಇನ್ನು ಹಳೇದಾಗಿ ಯಾಕೆ ಕಾಣುತ್ತೆ ಅನ್ನೋದು. ಮೊದಲ ಕಾರಣ ಕಲ್ಲು. ಬೆಂಗಳೂರು ಕೂತಿರೋದೇ ಬಂಡೆಯ ಮೇಲೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತಾರೆ. ಈ ಕಡೆಯ ಹಳೇ ಮನೆಗಳ ಪಾಯಕ್ಕೆ ಸೈಜುಗಲ್ಲು, ಕಾಂಪೌಂಡಿಗೆ ಚಪ್ಪಡಿ, ಎಲ್ಲ ಗ್ರಾನೈಟೇ. ದೋಶಿ ಅದೇ ಸ್ಥಳೀಯ ಬೂದು ಕಲ್ಲನ್ನು ಆರಿಸಿದರು. ಪಾಲಿಶ್ ಮಾಡಿಸಲಿಲ್ಲ, ಗಾರೆ ಮೆತ್ತಿಸಲಿಲ್ಲ, ಬಣ್ಣ ಬಳಿಸಲಿಲ್ಲ. ಕಲ್ಲಿನ ಒರಟು ಮುಖ ಹಾಗೇ ಹೊರಗಿದೆ. ಎರಡು ಮಳೆಗಾಲ ಕಂಡ ಕಲ್ಲಿಗೂ ಐವತ್ತು ಕಂಡ ಕಲ್ಲಿಗೂ ಜಾಸ್ತಿ ವ್ಯತ್ಯಾಸ ಗೊತ್ತಾಗಲ್ಲ. ಅದೇ ರಸ್ತೆಯಲ್ಲಿ ಆಮೇಲೆ ಬಂದ ಗಾಜಿನ ಆಫೀಸುಗಳಿಗೆ ಹಗಲಲ್ಲೂ ಏಸಿ ಬೇಕು, ಹತ್ತೇ ವರ್ಷಕ್ಕೆ ಮಂಕಾಗಿ ಕಾಣ್ತವೆ. ನನ್ನ ಮಟ್ಟಿಗೆ ಕಲ್ಲೇ ಗೆದ್ದಿದೆ.

ಎರಡನೇ ಕಾರಣ ಮರಗಿಡ. ಕಟ್ಟಡದ ಜತೆಗೇ ಹಸಿರೂ ಬೆಳೀಬೇಕು ಅನ್ನೋದು ನಕ್ಷೆಯ ಭಾಗವೇ ಆಗಿತ್ತು. ಇವತ್ತು ತೊಲೆಗಳ ನಡುವೆ ಕಾಣುವ ಕೊಂಬೆ, ಗೋಡೆ ಹಿಡಿದ ಬಳ್ಳಿ ಎಲ್ಲ ದಶಕಗಳ ಬೆಳವಣಿಗೆ. 2018ರಲ್ಲಿ ದೋಶಿಯವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ವಾಸ್ತುಶಿಲ್ಪದಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ, ಅದನ್ನು ಪಡೆದ ಮೊದಲ ಭಾರತೀಯ ಅವರೇ. ಆಗ ಎಲ್ಲರೂ ಹೆಸರಿಸಿದ ಕೆಲಸಗಳಲ್ಲಿ ಈ ಕ್ಯಾಂಪಸ್ಸೂ ಒಂದು. 2023ರ ಜನವರಿಯಲ್ಲಿ, 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಸರಿ, ಮಳೆ ಬಂದರೆ ಏನು ಮಾಡೋದು? ನೆನೆಯೋದೇ! ಸುಮ್ನೆ ಹೊಗಳಿ ಮುಚ್ಚಿಡುವ ವಿಷಯ ಅಲ್ಲ ಇದು. ಮುಚ್ಚಿದ ಭಾಗದಿಂದ ಮುಚ್ಚಿದ ಭಾಗಕ್ಕೆ ಓಡಬೇಕಾಗುತ್ತೆ, ನೆಲ ಒದ್ದೆಯಾಗುತ್ತೆ. ಎಲ್ಲ ಕಡೆ ಒಂದೇ ಕಲ್ಲು, ಒಂದೇ ಬಣ್ಣ ಇರೋದರಿಂದ ಹೊಸಬರು ದಾರಿ ತಪ್ಪೋದೂ ಸುಲಭ. ಆದರೆ ಬೆಂಗಳೂರಿನ ಮಳೆ ಮಲೆನಾಡಿನ ಹಾಗೆ ದಿನಗಟ್ಟಲೆ ಹಿಡಿಯೋದಲ್ಲ, ಹೆಚ್ಚಾಗಿ ಸಂಜೆ ಒಂದು ಹೊಡೆತ ಹೊಡೆದು ನಿಲ್ಲುತ್ತೆ. ಈ ಲೆಕ್ಕದ ಮೇಲೇ ತೊಲೆಗಳ ನಡುವೆ ಆಕಾಶ ಬಿಡೋಕೆ ಸಾಧ್ಯವಾಗಿದ್ದು. ಇದನ್ನೇ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಕಟ್ಟಿದ್ದರೆ ಮೊದಲ ಜೂನ್‌ನಲ್ಲೇ ಶೀಟು ಹೊದಿಸಬೇಕಾಗುತ್ತಿತ್ತು.